ಸಾಕು ಅಂದ ಮೇಲಿನ ತುತ್ತು

ನಿಮ್ಮ ತೂಕ ಎಷ್ಟು? ಹೇಳಿ ನೋಡೋಣ. ಮನಸ್ಸಿನಲ್ಲಲ್ಲ, ಬಾಯಿ ಬಿಟ್ಟು. ಪಕ್ಕದಲ್ಲಿ ಕೂತವರಿಗೆ, ಅವರ ಪಕ್ಕದವರಿಗೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವವರಿಗೂ ಕೇಳಿಸುವ ಹಾಗೆ. ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ಡ್ರೈವರಿಗೂ ಕೇಳಿಸಲಿ.

ಹೇಳಲಿಲ್ಲ ಅಲ್ಲವೇ? ಗೊತ್ತಿತ್ತು ನನಗೆ.

ನನ್ನ ಮೊಮ್ಮಗಳಿಗೆ ಆಗ ಹತ್ತು ವರ್ಷ. ವಿಜಯನಗರದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ, ಸಂಜೆಯ ಹೊತ್ತು, ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದಾಗ ಅವಳ ತೂಕವನ್ನು ಹಾಗೇ ಕೂಗಿ ಹೇಳಿದರು. ಎಷ್ಟು ಎಂದು ನಾನು ಬರೆಯುವುದಿಲ್ಲ. ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ನನಗೆ ಕಲಿಸಿದವಳು ಅವಳೇ. ಒತ್ತಕ್ಷರ ಎಲ್ಲಿ ಅಡಗಿ ಕೂತಿರುತ್ತದೆ, ಅಳಿಸುವ ಗುಂಡಿ ಯಾವುದು, ಎಲ್ಲವನ್ನೂ ನನ್ನ ಬೆರಳು ಹಿಡಿದು ತೋರಿಸಿದಳು. ಈ ವಿಷಯ ಬರೆಯುತ್ತೇನೆ ಅಂದಾಗ ಎರಡು ಷರತ್ತು ಹಾಕಿದಳು.

"ನನ್ ಹೆಸ್ರು ಬರೀಬಾರ್ದು. ನಂಬರ್ ಬರೀಬಾರ್ದು."

"ಬರೆದ್ರೆ ಏನ್ ಮಾಡ್ತೀಯೇ?"

"ಕೀಬೋರ್ಡ್‌ನ ಇಂಗ್ಲಿಷಿಗೆ ಹಾಕ್ಬಿಟ್ಟು ಸ್ಕೂಲಿಗೆ ಹೋಗ್ತೀನಿ. ಸಾಯಂಕಾಲದವರೆಗೂ ಹುಡುಕ್ತಾ ಕೂತಿರು."

ಹೆದರಿಕೊಂಡೇ ಬರೆಯುತ್ತಿದ್ದೇನೆ.

ನಾವಿರುವುದು ಗೋವಿಂದರಾಜನಗರದಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆ. ಮಗಳಿಗೆ ಆಫೀಸು, ಅಳಿಯನಿಗೆ ಮಾಗಡಿ ರಸ್ತೆಯಲ್ಲಿ ಸ್ವಿಚ್ಚು ವೈರು ಮಾರುವ ಅಂಗಡಿ. ಬೆಳಗ್ಗೆ ಹೊರಟರೆ ಇಬ್ಬರೂ ವಾಪಸ್ಸು ಬರುವುದು ದೀಪ ಹಚ್ಚಿದ ಮೇಲೆ. ಹಾಗಾಗಿ ಮೊಮ್ಮಗಳ ಸ್ಕೂಲ್ ವ್ಯಾನು, ಊಟ, ಎಣ್ಣೆ ಸ್ನಾನ, ಡಾಕ್ಟರು ಎಲ್ಲ ನನ್ನ ಪಾಲಿಗೆ. ನನಗೆ ಅದಕ್ಕಿಂತ ದೊಡ್ಡ ಪಾಲು ಬೇಕಾಗಿಯೂ ಇರಲಿಲ್ಲ.

ಊಟ ಅಂದರೆ ಕೈತುತ್ತು. ಹತ್ತು ವರ್ಷದ ಹುಡುಗಿಗೆ ಕೈತುತ್ತೇ ಎಂದು ನೀವು ಮೂಗು ಮುರಿಯಬಹುದು, ಮುರಿಯಿರಿ. ಅವಳು ಹೋಂವರ್ಕ್ ಮಾಡುತ್ತಾ ಕೂತಿರುವಾಗ ನಾನು ಬಿಸಿ ಅನ್ನಕ್ಕೆ ಸಾರು, ತುಪ್ಪ ಹಾಕಿ ಕಲಸಿ ಬಾಯಿಗಿಡುತ್ತಿದ್ದೆ. ಅದಕ್ಕೊಂದು ಕ್ರಮವಿತ್ತು. ಮೊದಲು ಅಮ್ಮನ ತುತ್ತು, ಆಮೇಲೆ ಅಪ್ಪನ ತುತ್ತು, ಕಾಗಕ್ಕನ ತುತ್ತು, ಗುಬ್ಬಕ್ಕನ ತುತ್ತು. ಹೀಗೆ ಊರಿನವರೆಲ್ಲ ಮುಗಿಯುವ ಹೊತ್ತಿಗೆ ಅವಳು "ಸಾಕು" ಅನ್ನುವಳು. ಅಜ್ಜಿಯ ತುತ್ತು ಶುರುವಾಗುತ್ತಿದ್ದದ್ದು ಆಮೇಲೆ.

ಯಾಕೆಂದರೆ ಸಾಕು ಅನ್ನುವುದು ನನಗೆ ಬರೀ ಮರ್ಯಾದೆಯ ಮಾತು. ಮದುವೆಮನೆ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು "ಸಾಕು ಸಾಕು" ಅನ್ನುತ್ತಾರಲ್ಲ, ಅವರ ಬೆರಳ ಸಂದಿಯಿಂದಲೇ ಪಾಯಸ ಬಿಡದೆ ಮುಂದೆ ಹೋದವನಿಗೆ ಬಡಿಸಲು ಬರುವುದಿಲ್ಲ ಎಂದೇ ನಮ್ಮ ಕಡೆ ಲೆಕ್ಕ. ನಾನು ಆ ಪಂಕ್ತಿಯಲ್ಲಿ ಕೂತು ಬೆಳೆದವಳು. ಮಗು ಒಂದು ಸಲ ಸಾಕು ಅಂದರೆ ಮೂರು ತುತ್ತು ಬಾಕಿ ಇದೆ ಎಂದು ತಿಳಿಯುತ್ತಿದ್ದೆ.

ಇನ್ನೊಂದು ಕ್ರಮವೂ ಇತ್ತು. ಮಗುವಿನ ತೂಕ ನೋಡಬಾರದು. ನೋಡಿದರೂ ಬಾಯಲ್ಲಿ ಆಡಬಾರದು. ದೃಷ್ಟಿಯಾಗುತ್ತದೆ. ಮೈ ಕೈ ತುಂಬಿಕೊಂಡ ಮಗುವಿಗೆ ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟಿಟ್ಟು ಕರೆದೊಯ್ಯುವವಳು ಅದನ್ನು ತೂಕದ ಮೆಷಿನ್ನಿನ ಮೇಲೆ ನಿಲ್ಲಿಸುತ್ತಾಳೆಯೇ? ಇಂಜೆಕ್ಷನ್ ಹಾಕಿಸುವ ವಯಸ್ಸಿನವರೆಗೆ ಬೇರೆ ದಾರಿಯಿರಲಿಲ್ಲ, ತೂಗಿಸಿದೆ. ಐದು ವರ್ಷಕ್ಕೆ ಇಂಜೆಕ್ಷನ್ ಮುಗಿದವು. ಅಲ್ಲಿಂದ ಶೀತಕ್ಕೋ ಜ್ವರಕ್ಕೋ ಹೋದಾಗಲೆಲ್ಲ "ಬರೀ ಶೀತ ಕಣಮ್ಮ, ತೂಕ ಯಾಕೆ?" ಎಂದು ನಾನು ದಾಟಿಸಿಕೊಂಡು ಬಿಡುತ್ತಿದ್ದೆ. ಆಗಿದ್ದ ವಯಸ್ಸಾದ ಡಾಕ್ಟರಿಗೆ ಹೊರಗೆ ಐವತ್ತು ಮಕ್ಕಳು ಅಳುತ್ತಿರುವಾಗ ಅದನ್ನು ಕೇಳಲು ಪುರುಸೊತ್ತು ಇರುತ್ತಿರಲಿಲ್ಲ. ಮಗುವಿನ ಬೆಳವಣಿಗೆಯ ಕಾರ್ಡಿನಲ್ಲಿ ಗೆರೆಗಳ ಮೇಲೆ ಚುಕ್ಕಿ ಇಡುತ್ತಾರಲ್ಲ, ನಮ್ಮ ಹುಡುಗಿಯದರಲ್ಲಿ ಐದು ವರ್ಷದ ಆಚೆ ಒಂದು ಚುಕ್ಕಿಯೂ ಇಲ್ಲ. ಬರೀ ಖಾಲಿ ಗೆರೆ.

ಏಳೆಂಟು ವರ್ಷವಾಗುವ ಹೊತ್ತಿಗೆ ಅವಳ ಕುತ್ತಿಗೆಯ ಹಿಂದೆ ಕಪ್ಪು ಕಟ್ಟತೊಡಗಿತು. ಮುಟ್ಟಿದರೆ ಮಖಮಲ್ಲಿನ ಹಾಗೆ ಕೈಗೆ ಸಿಗುತ್ತಿತ್ತು. ನಾನು ಕೊಳೆ ಅಂದುಕೊಂಡೆ. ಸ್ಕೂಲಿನ ಧೂಳು, ಬೆವರು, ಎಲ್ಲ ಸೇರಿ ಅಂಟಿಕೊಂಡಿದೆ ಎಂದು ಭಾನುವಾರದ ಎಣ್ಣೆ ಸ್ನಾನದಲ್ಲಿ ಕಡಲೆಹಿಟ್ಟು ಹಾಕಿ ಉಜ್ಜಿದೆ. ಹೋಗಲಿಲ್ಲ. ಮುಂದಿನ ಭಾನುವಾರ ತೆಂಗಿನ ನಾರು ತೆಗೆದುಕೊಂಡೆ.

"ಉರಿಯುತ್ತೆ ಅಜ್ಜಿ."

"ಉರೀದೆ ಇನ್ನೇನು? ದಿನಾ ಕತ್ತು ತೊಳ್ಕೊಂಡಿದ್ರೆ ಹೀಗಾಗ್ತಿತ್ತಾ? ಕೊಳಕಿ."

ಹೀಗೆ ಎಷ್ಟು ಭಾನುವಾರ ಉಜ್ಜಿದೆನೋ. ಬರೆಯಲು ಈಗ ಬೆರಳು ಬರುತ್ತಿಲ್ಲ. ಅವಳು ಎರಡು ಜಡೆ ಬಿಟ್ಟು ಕುತ್ತಿಗೆ ಮುಚ್ಚುವ ಹಾಗೆ ಒಂದೇ ದಪ್ಪ ಜಡೆ ಹಾಕು ಅನ್ನತೊಡಗಿದಳು. ಹುಡುಗಿಗೆ ಅಲಂಕಾರದ ಮೇಲೆ ಆಸೆ ಹುಟ್ಟಿತು ಎಂದು ನಾನು ಮಗಳ ಹತ್ತಿರ ಹೇಳಿಕೊಂಡು ನಕ್ಕಿದ್ದೆ.

ಆಮೇಲೆ ಒಂದು ಸಂಜೆ ಅವಳಿಗೆ ಕಿವಿ ನೋವು ಬಂತು. ಕ್ಲಿನಿಕ್ಕಿಗೆ ಹೋದರೆ ಹಳೆಯ ಡಾಕ್ಟರು ಕೆಲಸ ಬಿಟ್ಟು, ಆ ಜಾಗಕ್ಕೆ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಬಂದಿದ್ದರು. ಹೊಸ ಸಿಸ್ಟರೂ ಬಂದಿದ್ದರು, ಬಾಗಲಕೋಟೆ ಕಡೆಯವರು. ಜನ ಕಾಯುವ ಹಾಲ್‌ನ ನಡುವೆ, ಎಲ್ಲರ ಕಣ್ಣೆದುರಿಗೆ, ತೂಕದ ಮೆಷಿನ್ನು. ಮಗು ಯಾವ ಕಾಯಿಲೆಗೇ ಬರಲಿ, ಮೊದಲು ಎತ್ತರ, ತೂಕ ಎಂದು ಹೊಸ ಡಾಕ್ಟರ ಕಟ್ಟುನಿಟ್ಟು.

"ಅಜ್ಜಿ, ಹುಡುಗೀನ್ನ ಇದರ ಮ್ಯಾಲೆ ನಿಲ್ಸ್ರಿ" ಅಂದರು ಸಿಸ್ಟರು.

"ಕಿವಿ ನೋವು ಕಣಮ್ಮ. ಕಿವಿಗ್ಯಾಕೆ ತೂಕ?"

"ಕಿವಿ ಒಂದ ಬಂದಿಲ್ಲಲ್ರಿ, ಪೂರಾ ಹುಡುಗಿನ ಬಂದಾಳ."

ಬಾಯಿ ಮುಚ್ಚಿಸಿಕೊಂಡು ಅಭ್ಯಾಸವಿಲ್ಲದ ನಾನು ಉತ್ತರ ಹುಡುಕುವಷ್ಟರಲ್ಲಿ ಮೊಮ್ಮಗಳು ಚಪ್ಪಲಿ ಬಿಟ್ಟು ಹತ್ತಿದ್ದಳು. ಸಿಸ್ಟರು ಬಗ್ಗಿ ನೋಡಿದರು. ಹಾಲ್‌ನ ಆ ತುದಿಯಲ್ಲಿ ತೂಕ ಬರೆದುಕೊಳ್ಳಲು ಪುಸ್ತಕ ಹಿಡಿದು ಕೂತಿದ್ದ ಕ್ಲಿನಿಕ್ಕಿನ ಹುಡುಗಿಗೆ ಕೇಳಲೆಂದು ಆ ಸಂಖ್ಯೆಯನ್ನು ಕೂಗಿದರು. ಗಂಟಲು ಎಂಥದ್ದೆಂದರೆ ಹೊರಗೆ ಎಳನೀರು ಮಾರುವವನೂ ತಿರುಗಿ ನೋಡಿರಬೇಕು.

"ಅಯ್ಯೋ, ಅಷ್ಟಾ! ನಮ್ಮೋನು ಆರನೇ ಕ್ಲಾಸು, ಇವನು ಅದ್ರಲ್ಲಿ ಅರ್ಧ ಇದ್ದಾನಷ್ಟೆ" ಅಂದರು ಎದುರಿಗೆ ಕೂತಿದ್ದ ಒಬ್ಬ ತಾಯಿ. ಅವರ ಮಗ ಆಟವಾಡುತ್ತಿದ್ದ ಫೋನಿನಿಂದ ತಲೆಯೆತ್ತಿ ನೋಡಿ ನಕ್ಕ. ನಮ್ಮ ಹುಡುಗಿಯ ವ್ಯಾನಿನಲ್ಲೇ ಅವನೂ ಹೋಗುತ್ತಾನೆಂದು ನನಗೆ ಆಮೇಲೆ ಗೊತ್ತಾಯಿತು.

ಅವಳು ಇಳಿದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ನನ್ನ ಹಿಂದೆ ಬಂದು, ಸೆರಗನ್ನು ಎಳೆದು ಅದರೊಳಗೆ ಮುಖ ಇಟ್ಟುಕೊಂಡು ನಿಂತಳು. ಎರಡು ವರ್ಷದವಳಿದ್ದಾಗ ಹಾಗೆ ನಿಲ್ಲುತ್ತಿದ್ದಳು.

ಒಳಗೆ ಡಾಕ್ಟರು ಕಿವಿ ನೋಡಿದರು, ಔಷಧಿ ಬರೆದರು. ಬರೆದವರು ಹಾಗೇ ಅವಳ ಜಡೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಹಿಂದಿನ ದಿನವಷ್ಟೇ ಭಾನುವಾರ. ಕಪ್ಪಿನ ಸುತ್ತ ಚರ್ಮ ಕೆಂಪಗೆ ತರಚಿತ್ತು.

"ಇಲ್ಲೇನಾಯ್ತು?"

"ಕೊಳೆ ಡಾಕ್ಟ್ರೇ, ನಾನೂ ಉಜ್ಜಿ ಉಜ್ಜಿ ಸಾಕಾಗಿದೀನಿ, ಹೋಗ್ತಾನೇ ಇಲ್ಲ" ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ.

ಡಾಕ್ಟರು ನನ್ನ ಕಡೆ ನೋಡಲಿಲ್ಲ. ತಮ್ಮ ಕುರ್ಚಿಯನ್ನು ಅವಳ ಮುಂದೆ ಎಳೆದುಕೊಂಡು, ಅವಳ ಮುಖದ ಸಮಕ್ಕೆ ಬಗ್ಗಿ ಹೇಳಿದರು. "ಇದು ಕೊಳೆ ಅಲ್ಲ ಪುಟ್ಟ. ನೀನು ಚೆನ್ನಾಗೇ ಸ್ನಾನ ಮಾಡ್ತೀಯ. ನಿನ್ನದೇನೂ ತಪ್ಪಿಲ್ಲ."

ಆಗ ಮೊಮ್ಮಗಳು ನನ್ನನ್ನು ನೋಡಿದಳು.

ಮೈ ತೂಕ ಜಾಸ್ತಿಯಾದ ಕೆಲವು ಮಕ್ಕಳಲ್ಲಿ, ರಕ್ತದ ಸಕ್ಕರೆ ಹಿಡಿತ ತಪ್ಪುವ ಮುಂಚೆಯೇ ಚರ್ಮ ಹೀಗೆ ಕಪ್ಪಾಗಿ ಸೂಚನೆ ಕೊಡುತ್ತದೆ ಎಂದು ಡಾಕ್ಟರು ವಿವರಿಸಿದರು. ಉಜ್ಜಿದರೆ ಹೋಗುವುದಿಲ್ಲ, ಗಾಯವಾಗುತ್ತದೆ ಅಷ್ಟೆ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಕಾರ್ಡನ್ನು ತಿರುಗಿಸಿ ನೋಡಿ ಕೇಳಿದರು, "ಐದು ವರ್ಷದಿಂದ ಒಂದ್ ಸಲಾನೂ ತೂಕ ನೋಡಿಲ್ವಾ? ಯಾಕೆ?" ನಾನು ಫ್ಯಾನಿನ ಕಡೆ ನೋಡಿದೆ.

ಎರಡು ದಿನದ ಮೇಲೆ ರಿಪೋರ್ಟು ತರಲು ಮಗಳೂ ನಾನೂ ಹೋದೆವು. "ಸಕ್ಕರೆ ಕಾಯಿಲೆ ಬಂದಿಲ್ಲ. ಆದ್ರೆ ಅದರ ದಾರೀಲಿ ಕಾಲಿಟ್ಟಿದೆ. ಈಗ ತಿರುಗಿಸ್ಬಹುದು, ಮಾತ್ರೆ ಬೇಡ. ಮೂರು ತಿಂಗಳಿಗೆ ಮತ್ತೆ ಕರ್ಕೊಂಡು ಬನ್ನಿ. ದಯವಿಟ್ಟು ತಪ್ಪಿಸ್ಬೇಡಿ" ಅಂದರು ಡಾಕ್ಟರು.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಿತ್ತು. ಮೊದಲು ಕಾಲಿನ ಒಂದು ಬೆರಳು ಹೋಯಿತು, ಆಮೇಲೆ ಕಣ್ಣು ಮಂಜಾಯಿತು. ಅವರ ಕಾಲಿಗೆ ಬ್ಯಾಂಡೇಜು ಸುತ್ತಿದ ಕೈ ಇದೇ. ಮೊಮ್ಮಗಳಿಗೆ ತುಪ್ಪದನ್ನ ಕಲಸಿದ ಕೈಯೂ ಇದೇ. ಮನೆಗೆ ಬರುವ ದಾರಿಯುದ್ದಕ್ಕೂ ಮಗಳು ರಿಪೋರ್ಟನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟಾದರೂ ದಾರಿಯಿತ್ತು, ಡಾಕ್ಟರೇ ಹೇಳಿದ್ದರು ತಿರುಗಿಸಬಹುದು ಎಂದು. ಆದರೆ ತಿರುಗಬೇಕಾದವಳು ಕಾಲೂರಿ ನಿಂತುಬಿಟ್ಟಳು.

"ನಾನು ಆ ಕ್ಲಿನಿಕ್ಕಿಗೆ ಬರಲ್ಲ."

"ಮೂರು ತಿಂಗಳಿಗಲ್ವೇನೇ, ಈಗಲ್ಲ."

"ಮೂರು ವರ್ಷಕ್ಕೂ ಬರಲ್ಲ. ವ್ಯಾನಲ್ಲಿ ಅವ್ನು ದಿನಾ ಆ ನಂಬರ್ ಹೇಳ್ತಾನೆ. ನಾನು ಹತ್ತಿದ್ರೆ ಡ್ರೈವರ್ ಅಂಕಲ್‌ಗೆ ಟೈರ್ ನೋಡ್ಕೊಳಿ ಅಂತಾನೆ."

ನಮ್ಮೆದುರಿಗೆ ಊಟವನ್ನು ಕಡಿಮೆ ಮಾಡಿದಳು. ಕಲಸಿದ್ದರಲ್ಲಿ ಅರ್ಧ ಬಿಟ್ಟು ಏಳುವಳು. ಪರವಾಗಿಲ್ಲ, ಹುಡುಗಿಗೇ ಅರ್ಥವಾಗಿದೆ ಎಂದು ಅಳಿಯ ಸಮಾಧಾನಪಟ್ಟ. ಒಂದು ದಿನ ಒಗೆಯುವ ಬಟ್ಟೆ ತೆಗೆಯಲು ಹೋದಾಗ ಬಚ್ಚಲುಮನೆಯ ಬಕೆಟ್ಟಿನ ಹಿಂದೆ ಬೇಕರಿ ಕವರುಗಳು ಸಿಕ್ಕವು. ಬೆಣ್ಣೆ ಬಿಸ್ಕತ್ತಿನದು, ಖಾರಾ ಬನ್ನಿನದು. ನನ್ನ ಮೊಮ್ಮಗಳು ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ನಿಂತು ತಿನ್ನುತ್ತಿದ್ದಳು. ಆ ಕವರುಗಳನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗಳಿಗೆ ಹೇಳಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ, ಕ್ಲಿನಿಕ್ಕಿನಲ್ಲಿ ಜನ ಕಡಿಮೆಯಿರುವಾಗ, ಒಬ್ಬಳೇ ಹೋದೆ. ಜಗಳವಾಡಲು ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

"ಏನಮ್ಮಾ ತಾಯಿ, ನಿಮ್ ತೂಕ ಎಷ್ಟು? ಕೂಗಿ ಹೇಳಿ ನೋಡೋಣ, ರಸ್ತೆಗೆ ಕೇಳ್ಲಿ" ಅಂದೆ ಸಿಸ್ಟರಿಗೆ, ಬಾಗಿಲಲ್ಲೇ.

ಸಿಸ್ಟರು ಗಾಬರಿಯಾದರು. "ಯಾಕ್ರಿ ಅಜ್ಜಿ, ಏನಾತು?"

ಹೇಳಿದೆ. ವ್ಯಾನು, ಟೈರು, ಬಚ್ಚಲುಮನೆ, ಎಲ್ಲ. ಸೊಂಟದಿಂದ ಕವರುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಜೋಡಿಸಿಕೊಂಡು ಬಂದಿದ್ದ ಬೈಗುಳ ಅಷ್ಟು ಹೊತ್ತಿಗೆ ಎಲ್ಲೋ ಉದುರಿಹೋಗಿತ್ತು. ಸಿಸ್ಟರ ಕಣ್ಣು ತುಂಬಿಬಂತು.

"ತಪ್ಪಾತ್ರಿ. ನಾ ಮೊದಲ ಊರಾಗ ಅಂಗನವಾಡ್ಯಾಗ ಕೈ ಕೆಲಸಕ್ಕ ಹೊಕ್ಕಿದ್ನಿ. ಅಲ್ಲಿ ಕೂಸಿನ ತೂಕ ಏರೇತಿ ಅಂತ ಕೂಗಿ ಹೇಳಿದ್ರ ತಾಯಿ ನಗತಿದ್ಲು. ಸುತ್ತ ಕುಂತವರು ಚಪ್ಪಾಳಿ ತಟ್ಟತಿದ್ರು. ಬಡಕಲ ಕೂಸುಗೋಳು, ಅರ್ಧ ಕಿಲೋ ಏರಿದ್ರೂ ಹಬ್ಬ. ಅದ ರೂಢಿ ಬಿದ್ದೇತಿ ಬಾಯಿಗೆ."

ನಾನು ಕೂತುಕೊಂಡೆ. ದೃಷ್ಟಿಯಾಗುತ್ತದೆಂದು ನಾನು ತೂಕವನ್ನು ಮುಚ್ಚಿಟ್ಟೆ, ಸಂತೋಷದ ಸುದ್ದಿ ಎಂದು ಇವರು ಕೂಗಿದರು. ನಮ್ಮಿಬ್ಬರ ನಡುವೆ ಸಿಕ್ಕಿಬಿದ್ದದ್ದು ಹತ್ತು ವರ್ಷದ ಹುಡುಗಿ.

ಮಾತು ಕೇಳಿ ಡಾಕ್ಟರೂ ಹೊರಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಖಾಲಿ ಕಾರ್ಡಿನ ವಿಷಯ ಆವತ್ತು ನಾನಾಗೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಎಲ್ಲ ಮಕ್ಕಳದೂ ನೋಡ್ಬೇಕು ಅಂತ ರೂಲ್ ಮಾಡಿದೆ ಅಮ್ಮ, ಹೇಗೆ ನೋಡ್ಬೇಕು ಅಂತ ಯೋಚ್ನೆ ಮಾಡ್ಲಿಲ್ಲ. ಅದು ನನ್ ತಪ್ಪು" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ತುಪ್ಪ ಎಷ್ಟು, ಎಣ್ಣೆ ಎಷ್ಟು ಎಂದು ಕೇಳುತ್ತಾರೆಂದು ನಾನು ಸಿದ್ಧವಾಗಿದ್ದೆ. ಅವರು ಕೇಳಿದ್ದು ಬೇರೆ.

"ಅವಳು ಸಾಕು ಅಂದ್ಮೇಲೆ ನೀವು ಎಷ್ಟು ತುತ್ತು ಹಾಕ್ತೀರಾ?"

ಈ ಡಾಕ್ಟರು ನಮ್ಮ ಅಡುಗೆಮನೆ ಕಿಟಕಿಯಲ್ಲಿ ಇಣುಕಿದ್ದರೇ ಎಂದು ಅನುಮಾನ ಬಂತು.

"ಮೂರು" ಅಂದೆ. "ಹಬ್ಬದಲ್ಲಿ ಐದು."

ಅವರಿಗೆ ನಗು ಬಂತು. "ನಮ್ಮಜ್ಜೀನೂ ಹಾಗೇ ಮಾಡ್ತಿದ್ರು. ಹೊಟ್ಟೆ ತುಂಬಿದ್ದು ಹೊಟ್ಟೆಗೆ ಗೊತ್ತಿರುತ್ತೆ ಅಮ್ಮ. ನಾವು ಅದರ ಮಾತು ಕೇಳ್ದೆ ಕೇಳ್ದೆ, ಆಮೇಲೆ ಅದು ಹೇಳೋದನ್ನೇ ಬಿಟ್ಬಿಡುತ್ತೆ. ಮೊದಲು ಅದೊಂದು ಮಾಡಿ. ಸಾಕು ಅಂದ್ರೆ ಕೈ ನಿಲ್ಲಿಸಿ." ಅವಳಿಗೊಬ್ಬಳಿಗೇ ಬೇರೆ ಊಟ ಮಾಡಬೇಡಿ, ಮನೆಯವರೆಲ್ಲ ಒಂದೇ ಊಟ ಮಾಡಿ ಎಂದರು. ದಪ್ಪ ಅನ್ನುವ ಪದ ಮನೆಯಲ್ಲಿ ಬೇಡ ಎಂದರು. ಬೇಕರಿ ತಿಂಡಿ ಬೇಕೇ ಬೇಕಾದರೆ ವಾರಕ್ಕೊಂದು ಸಲ ಎಲ್ಲರೂ ಒಟ್ಟಿಗೆ ಕೂತು ತಿನ್ನಿ, ಬಾಗಿಲು ಹಾಕಿಕೊಳ್ಳುವ ಹಾಗೆ ಮಾಡಬೇಡಿ ಎಂದರು.

ತೂಕದ ಮೆಷಿನ್ನಿಗೆ ಒಂದು ಮರೆ ಬೇಕು ಎಂದು ನಾನು ಹೇಳಿದೆ. ಮೂಲೆಗಿಟ್ಟು ಪರದೆ ಹಾಕೋಣ ಎಂದು ಡಾಕ್ಟರು ಒಪ್ಪಿದರು. ಇನ್ನು ಕೂಗುವುದಿಲ್ಲ, ಚೀಟಿಯಲ್ಲಿ ಬರೆದು ಮಗುವಿನ ಕೈಗೇ ಕೊಡುತ್ತೇನೆ ಎಂದು ಸಿಸ್ಟರು ಗಂಟಲು ಮುಟ್ಟಿ ಆಣೆ ಮಾಡಿದರು. ಪರದೆ ಬರಲಿ ಎಂದು ಕಾಯುವ ತಾಳ್ಮೆ ನನಗೆಲ್ಲಿ? ಮಾರನೆಯ ದಿನ ನನ್ನ ಹಳೆಯ ಇಳಕಲ್ ಸೀರೆಯೊಂದನ್ನು ಒಗೆದು ತಂದುಕೊಟ್ಟೆ.

"ಇದು ನಮ್ಮ ಕಡೀದು!" ಎಂದು ಸಿಸ್ಟರು ಅದರ ಸೆರಗನ್ನು ಕೆನ್ನೆಗೊತ್ತಿಕೊಂಡರು.

ಮನೆಯಲ್ಲಿ ನನ್ನ ಪರೀಕ್ಷೆ ಶುರುವಾಯಿತು. ಮೊದಲು ಮೊಮ್ಮಗಳ ಹತ್ತಿರ ಹೋಗಿ ಕೂತೆ. "ತಪ್ಪಾಯ್ತು ಕಣೇ. ನಿನ್ ಕತ್ತಲ್ಲಿ ಕೊಳೆ ಇರ್ಲಿಲ್ಲ. ನಂಗೆ ಗೊತ್ತಾಗ್ಲಿಲ್ಲ."

"ನಾನು ಉರಿಯುತ್ತೆ ಅಂತ ಹೇಳ್ದೆ ತಾನೆ?"

"ಹೇಳ್ದೆ."

"ಮತ್ತೆ?"

ಕೊಬ್ಬರಿ ಎಣ್ಣೆ ತಂದು ಆ ತರಚಿದ ಜಾಗಕ್ಕೆ ಮೆತ್ತಗೆ ಸವರಿದೆ. ಅವಳು ಕುತ್ತಿಗೆ ಬಗ್ಗಿಸಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮಡಿಲಿಗೆ ಒರಗಿದಳು.

ಊಟಕ್ಕೆ ಕೂತಾಗ ಅಮ್ಮನ ತುತ್ತು, ಅಪ್ಪನ ತುತ್ತು, ಕಾಗಕ್ಕನ ತುತ್ತಾಯಿತು. ಗುಬ್ಬಕ್ಕನ ತುತ್ತಿಗೆ "ಸಾಕು" ಅಂದಳು. ನನ್ನ ಕೈಯಲ್ಲಿ ಇನ್ನೊಂದು ತುತ್ತು ರೆಡಿಯಾಗಿತ್ತು. ಗಾಳಿಯಲ್ಲಿ ನಿಂತುಬಿಟ್ಟಿತು ಕೈ. ಅವಳು ಆ ಕೈಯನ್ನೇ ನೋಡುತ್ತಿದ್ದಳು, ಇದು ಬರುತ್ತದೋ ಹಿಂದಕ್ಕೆ ಹೋಗುತ್ತದೋ ಎಂದು. ಹಿಂದಕ್ಕೆ ತರುವುದು ಎಷ್ಟು ಕಷ್ಟವೆಂದರೆ, ಮೊಣಕೈ ನೋಯಿತು. ಕಲಸಿದ ಅನ್ನ ಚೆಲ್ಲಲು ಮನಸ್ಸು ಬರದೆ ನನ್ನ ಬಾಯಿಗೇ ಹಾಕಿಕೊಂಡೆ. ಕ್ಲಿನಿಕ್ಕಿನ ಆ ಸಂಜೆಯಾದ ಮೇಲೆ ಅವಳು ಮೊದಲ ಸಲ ನಕ್ಕಳು.

ಹಾಗೇ ದಿನ ಸಾಗಿತು. ಮನೆಯವರೆಲ್ಲ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಯಿ ಪಲ್ಯಕ್ಕೆ ಬಂದೆವು. "ಅತ್ತೆ, ನನ್ ರಿಪೋರ್ಟ್ ಚೆನ್ನಾಗೇ ಇದೆಯಲ್ಲ, ನಂಗೊಂದ್ ನಿಪ್ಪಟ್ಟಾದ್ರೂ..." ಎಂದು ಅಳಿಯ ಗೋಳಾಡಿದ. "ಶನಿವಾರ ಬರ್ಲಿ, ಎಲ್ರಿಗೂ ಒಟ್ಟಿಗೆ" ಅಂದೆ. ಮಗಳು ವ್ಯಾನಿನ ಹುಡುಗನ ಮನೆಗೆ ಹೋಗಿ ಅವನ ತಾಯಿಯ ಜೊತೆ ಮಾತಾಡಿ ಬಂದಳು. ಟೈರಿನ ಮಾತು ನಿಂತಿತು. ಸಂಜೆ ಮೊಮ್ಮಗಳನ್ನು ಆರ್‌ಪಿಸಿ ಲೇಔಟಿನ ಪಾರ್ಕಿಗೆ ಕರೆದೊಯ್ಯತೊಡಗಿದೆ. ನಡೆ ಅಂದರೆ ನಡೆಯುತ್ತಿರಲಿಲ್ಲ. ಸುಣ್ಣದ ತುಂಡಿನಲ್ಲಿ ಮನೆ ಬರೆದು, ಸೀರೆ ಎತ್ತಿ ಕಟ್ಟಿ, ನಾನೇ ಕುಂಟೆಬಿಲ್ಲೆ ಆಡಿ ತೋರಿಸಿದೆ. ಎರಡನೇ ಮನೆಯಲ್ಲೇ ಔಟಾದೆ. ಪಾರ್ಕಿನ ವಾಚ್‌ಮನ್ "ಅಜ್ಜಿ, ಬಿದ್ದು ಸೊಂಟ ಮುರ್ಕೊಂಡ್ರೆ ನನ್ ಕೆಲ್ಸ ಹೋಗುತ್ತೆ" ಎಂದು ಕೈ ಮುಗಿದ. ಆದರೆ ಹುಡುಗಿ ಆಡಿದಳು, ಕತ್ತಲಾಗುವವರೆಗೆ. ಆಮೇಲೆ ಆ ಬೀದಿಯ ಇನ್ನಿಬ್ಬರು ಹುಡುಗಿಯರು ಸೇರಿಕೊಂಡು ನನ್ನನ್ನು ಬೆಂಚಿಗೆ ಕಳಿಸಿದರು.

ಬಚ್ಚಲುಮನೆಯ ಬಕೆಟ್ಟಿನ ಹಿಂದೆ ನಾನು ದಿನಾ ನೋಡುತ್ತಿದ್ದೆ. ಒಂದೆರಡು ಸಲ ಕವರು ಸಿಕ್ಕಿತು. ಆಮೇಲೆ ಸಿಗಲಿಲ್ಲ.

ಮೂರು ತಿಂಗಳಾಯಿತು. ನಾನು ಕ್ಲಿನಿಕ್ಕಿನ ಮಾತೆತ್ತಿದರೆ ಅವಳು ಮುಖ ತಿರುಗಿಸುವುದು ಮಾತ್ರ ಬಿಟ್ಟಿರಲಿಲ್ಲ. ಪರದೆ, ಚೀಟಿ, ಎಲ್ಲ ಹೇಳಿದೆ. ನಂಬಲಿಲ್ಲ. ಸೀರೆಯ ಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು.

"ನೀನು ಮೊದ್ಲು ಹತ್ತು. ನಿನ್ ಚೀಟಿ ನನ್ ಕೈಲಿ ಕೊಡ್ಬೇಕು. ಆಮೇಲೆ ಬೇಕಾದ್ರೆ ನಾನು ಹತ್ತೀನಿ."

"ಅಯ್ಯೋ, ನಂಗ್ಯಾಕೇ ತೂಕ ಈ ವಯಸ್ಸಲ್ಲಿ?"

"ದೃಷ್ಟಿ ಆಗುತ್ತಾ?"

ಸೋತೆ. ಎಷ್ಟೋ ವರ್ಷದಿಂದ ನನ್ನ ತೂಕ ನಾನು ನೋಡಿಕೊಂಡಿರಲಿಲ್ಲ.

ಕ್ಲಿನಿಕ್ಕಿನ ಬಾಗಿಲಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಹಿಂದಕ್ಕೆ ಎಳೆದರೆ ಹಿಂದಕ್ಕೇ ಹೋಗುವುದೆಂದು ನಾನೂ ತೀರ್ಮಾನಿಸಿಕೊಂಡಿದ್ದೆ. ಮೂಲೆಯ ಕಡೆ ನೋಡಿದವಳು ಹಾಗೇ ನಿಂತಳು.

"ಅಜ್ಜಿ, ನಿನ್ ಸೀರೆ!"

"ಹೂಂ."

"ನಿಂದೇ ಅಲ್ವಾ? ನೀನು ಗೌರಿ ಹಬ್ಬಕ್ಕೆ ಉಡ್ತಿದ್ದೆ."

ಕೈ ಸಡಿಲವಾಯಿತು. ಅವಳೇ ನನ್ನನ್ನು ಎಳೆದುಕೊಂಡು ಆ ಸೀರೆಯ ಹಿಂದಕ್ಕೆ ಹೋದಳು. ಸಿಸ್ಟರು ನನ್ನನ್ನು ತೂಗಿ, ತುಟಿ ಬಿಗಿಹಿಡಿದು ಚೀಟಿ ಬರೆದು ಅವಳ ಕೈಗೆ ಕೊಟ್ಟರು. ಆಮೇಲೆ ಅವಳು ಹತ್ತಿದಳು. ಅವಳ ಚೀಟಿ ಮಡಿಚಿ ಅವಳಿಗೇ ಕೊಟ್ಟು, ಸಿಸ್ಟರು ಕಿವಿಯಲ್ಲಿ ಏನೋ ಅಂದರು. ಆ ಗಂಟಲಿಗೆ ಪಿಸುಗುಡಲು ಬರುತ್ತದೆಂದು ನನಗೆ ಆವತ್ತೇ ಗೊತ್ತಾದದ್ದು.

ಡಾಕ್ಟರು ಚೀಟಿ ನೋಡಿ ಕಾರ್ಡಿನಲ್ಲಿ ಚುಕ್ಕಿಯಿಟ್ಟರು. ತೂಕ ಮೂರು ತಿಂಗಳ ಹಿಂದೆ ಇದ್ದಲ್ಲೇ ಇತ್ತು. ಇಷ್ಟು ಮಾಡಿಯೂ ಇಳಿಯಲಿಲ್ಲವೇ ಅಂದುಕೊಂಡೆ. ಡಾಕ್ಟರು ಅವಳಿಗೇ ತೋರಿಸಿ ಹೇಳಿದರು. "ನೀನು ಉದ್ದ ಆಗಿದೀಯ, ತೂಕ ಅಲ್ಲೇ ನಿಂತಿದೆ. ಬೆಳೆಯೋ ಮಕ್ಕಳಿಗೆ ಇಷ್ಟೇ ಬೇಕಾಗಿರೋದು. ಇಳಿಸೋದೇನೂ ಬೇಡ." ಹಿಂದಿನ ದಿನ ಮನೆ ಹತ್ತಿರದ ಲ್ಯಾಬಿನಲ್ಲಿ ಕೊಟ್ಟಿದ್ದ ರಕ್ತದ ರಿಪೋರ್ಟನ್ನೂ ತೆರೆದರು. ಸಕ್ಕರೆ ಒಂದು ಹೆಜ್ಜೆ ಹಿಂದಕ್ಕೆ ಸರಿದಿತ್ತು. ಪೂರ್ತಿ ಅಲ್ಲ, ಒಂದು ಹೆಜ್ಜೆ. ಮತ್ತೆ ಮೂರು ತಿಂಗಳಿಗೆ ಬರಬೇಕು. ಕುತ್ತಿಗೆಯ ಕಪ್ಪು ಹೋಗಲು ಇನ್ನೂ ಕಾಲ ಬೇಕು.

"ಬರ್ತೀಯಾ?" ಎಂದು ಡಾಕ್ಟರು ಅವಳನ್ನೇ ಕೇಳಿದರು.

"ಬರ್ತೀನಿ. ಅಜ್ಜೀನೂ ಬರ್ಬೇಕು" ಎಂದು ನನ್ನ ಚೀಟಿಯನ್ನು ಅವರ ಮುಂದಿಟ್ಟಳು. "ಎಲ್ರೂ ಒಂದೇ ಊಟ ಮಾಡಿದ್ದು. ಇವ್ರದ್ದು ಯಾಕೆ ಇಷ್ಟಿದೆ?"

ಯಾಕೆಂದರೆ ಅವಳು ಸಾಕು ಅಂದ ಮೇಲಿನ ತುತ್ತುಗಳೆಲ್ಲ ಮೂರು ತಿಂಗಳು ನನ್ನ ಹೊಟ್ಟೆಗೆ ಹೋಗಿದ್ದವು. ನಾನು ಫ್ಯಾನಿನ ಕಡೆ ನೋಡಿದೆ. ಡಾಕ್ಟರು ನನ್ನ ಹೆಸರಿನಲ್ಲೂ ಒಂದು ರಕ್ತ ಪರೀಕ್ಷೆ ಬರೆದುಕೊಟ್ಟು, ದೊಡ್ಡವರ ಡಾಕ್ಟರಿಗೆ ತೋರಿಸಿ ಅಂದರು. ಈಗ ಕಲಸುವಾಗಲೇ ಅನ್ನ ಕಡಿಮೆ ತೆಗೆದುಕೊಳ್ಳುತ್ತೇನೆ. ಕೈತುತ್ತೂ ಶನಿವಾರಕ್ಕೆ ಮಾತ್ರ, ಮಿಕ್ಕ ದಿನ ಅವಳೇ ಉಣ್ಣುತ್ತಾಳೆ.

ಆ ಕ್ಲಿನಿಕ್ಕಿನಲ್ಲಿ ಈಗಲೂ ಯಾವ ಮಗು ಬಂದರೂ ಮೊದಲು ನನ್ನ ಸೀರೆಯ ಹಿಂದೆ ಹೋಗುತ್ತದೆ. ಕಿವಿ ನೋವಿಗೆ ಬಂದ ಇನ್ನೊಬ್ಬ ಅಜ್ಜಿ "ತೂಕ ಯಾಕೆ?" ಎಂದು ತಕರಾರು ತೆಗೆದಾಗ ನಾನೇ ಅವರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಹೇಳಿದೆ. ಏನು ಹೇಳಿದೆ ಎಂದರೆ...

ಇಷ್ಟು ಒತ್ತುವಾಗ ಮೊಮ್ಮಗಳು ಸ್ಕೂಲಿನಿಂದ ಬಂದು ಹೆಗಲ ಮೇಲಿಂದ ಬಗ್ಗಿ ಮೊದಲಿನಿಂದ ಓದಿದಳು. ಹೆಸರಿಲ್ಲ, ನಂಬರಿಲ್ಲ ಎಂದು ಎರಡು ಸಲ ನೋಡಿಕೊಂಡಳು. ಬಚ್ಚಲುಮನೆಯ ಜಾಗಕ್ಕೆ ಬಂದಾಗ ಬೆರಳಿಟ್ಟು ನಿಲ್ಲಿಸಿದಳು. ತೆಗೆಯಲೇ ಎಂದು ಕೇಳಿದೆ, ಬೇಡ, ಇರಲಿ ಅಂದಳು. ಎಲ್ಲ ಮುಗಿದ ಮೇಲೆ, "ಇನ್ನೊಂದು ಸ್ವಲ್ಪ ಇದೆ ಕಣೇ, ಆ ಇನ್ನೊಬ್ಬ ಅಜ್ಜಿ ಕತೆ ತುಂಬಾ ಚೆನ್ನಾಗಿದೆ, ಅದೊಂದು ಬರೆದ್ಬಿಡ್ತೀನಿ" ಅಂದೆ.

"ಸಾಕು ಅಜ್ಜಿ" ಅಂದಳು, ಫೋನನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾ. "ಓದೋರು ಸಾಕು ಅಂದ್ಮೇಲೂ ಮೂರು ತುತ್ತು ಹಾಕೋದು ಬಿಡಲ್ವಲ್ಲ ನೀನು."